ಹೆದೆಯಿಳಿದ ಬಿಲ್ಲಿಗೊಂದು ಪೀಠ

ಬಿಲ್ಲಿನ ಬದುಕಿನಲ್ಲಿ ಬಾಣ ಹೂಡುವ ಹೊತ್ತು ತೀರ ಕಡಿಮೆ. ಅಭ್ಯಾಸ ಎಷ್ಟೇ ಕಟ್ಟುನಿಟ್ಟಾಗಿದ್ದರೂ ದಿನದ ಬಹುಪಾಲು ಅದು ಎಲ್ಲೋ ಒಂದು ಕಡೆ ಸುಮ್ಮನೆ ಇರುತ್ತದೆ. ಹೆಚ್ಚಿನ ಮನೆಗಳಲ್ಲಿ ಆ ಜಾಗ ಬಾಗಿಲ ಹಿಂದಿನ ಮೂಲೆ. ಹಾಗೆ ಗೋಡೆಗೆ ಒರಗಿಸಿಟ್ಟ ಮರದ ಬಿಲ್ಲಿನ ಭಾರವೆಲ್ಲ ಕೆಳಗಿನ ಕೊಪ್ಪಿನ ಮೇಲೆ ಬೀಳುತ್ತದೆ, ನೆಲದ ತೇವವನ್ನೂ ಅದೇ ತುದಿ ಹೀರುತ್ತದೆ. ಒಂದು ಮಳೆಗಾಲ ಹೀಗೇ ಕಳೆದರೆ ಕೆಳಗಿನ ತೋಳು ಒಂದು ಬದಿಗೆ ತಿರುಚಿಕೊಂಡರೂ ಆಶ್ಚರ್ಯವಿಲ್ಲ. ಮೊಳೆಗೆ ನೇತುಹಾಕಿದರೆ ಹೆದೆ ಸವೆಯುತ್ತದೆ. ಅಟ್ಟದ ಮೇಲೆ ಎಸೆದರೆ ಬೇಸಿಗೆಯ ಹೆಂಚಿನ ಕಾವು ಅಂಟನ್ನು ಸಡಿಲಿಸುತ್ತದೆ. ಎಷ್ಟೋ ಒಳ್ಳೆಯ ಬಿಲ್ಲುಗಳು ಹಾಳಾಗಿರುವುದು ಮೈದಾನದಲ್ಲಲ್ಲ, ಮನೆಯಲ್ಲಿ.

ಈ ಚಿಂತೆ ಹಳೆಯದು. 1545ರಲ್ಲಿ ಇಂಗ್ಲೆಂಡಿನ ವಿದ್ವಾಂಸ ರೋಜರ್ ಆಸ್ಕಮ್ ‘ಟಾಕ್ಸೊಫಿಲಸ್’ ಎಂಬ ಪುಸ್ತಕ ಬರೆದು ದೊರೆ ಎಂಟನೆಯ ಹೆನ್ರಿಗೆ ಅರ್ಪಿಸಿದ. ಬಿಲ್ಲುವಿದ್ಯೆಯ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಮೊದಲ ಪುಸ್ತಕವೆಂದು ಅದಕ್ಕೆ ಹೆಸರು. ಗುರಿ, ನಿಲುವು, ಎಳೆತಗಳ ಜೊತೆಗೆ ಬಿಲ್ಲನ್ನು ಎಲ್ಲಿಡಬೇಕು ಎಂಬುದಕ್ಕೂ ಆತ ಜಾಗ ಕೊಟ್ಟಿದ್ದಾನೆ. ಕಲ್ಲಿನ ಗೋಡೆಯ ಪಕ್ಕ ಇಟ್ಟರೆ ತೇವ ಹಿಡಿದು ಬಲ ಕುಂದುತ್ತದೆ, ಬೆಂಕಿಯ ಪಕ್ಕ ಇಟ್ಟರೆ ಪೆಡಸಾಗುತ್ತದೆ, ಬಿಲ್ಲಿಗೆ ಉಣ್ಣೆ ಬಟ್ಟೆಯ ಚೀಲವಿರಬೇಕು ಎಂಬುದು ಅವನ ಎಚ್ಚರಿಕೆ. ಅದೇ 1545ರ ಜುಲೈನಲ್ಲಿ ಹೆನ್ರಿಯ ಯುದ್ಧನೌಕೆ ಮೇರಿ ರೋಸ್ ಪೋರ್ಟ್ಸ್‌ಮತ್ ಬಳಿ ಮುಳುಗಿತು. 1982ರಲ್ಲಿ ಹಡಗನ್ನು ಮೇಲೆತ್ತುವ ಹೊತ್ತಿಗೆ ಅದರ ಅವಶೇಷಗಳಲ್ಲಿ 137 ಇಡಿಯಾದ ಬಿಲ್ಲುಗಳೂ 3,500ಕ್ಕೂ ಹೆಚ್ಚು ಬಾಣಗಳೂ ಸಿಕ್ಕಿದ್ದವು. ಎಲ್ಲವೂ ಯೂ ಮರದ ಬಿಲ್ಲುಗಳು, ಅನೇಕವು ಮರದ ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿಟ್ಟಂತೆಯೇ ಇದ್ದವು. ಯುದ್ಧಕ್ಕೆ ಹೊರಟ ಬಿಲ್ಲಿಗೆ ಅಂಥ ಸಾದಾ ಪೆಟ್ಟಿಗೆಯೇ ಸಾಕಿತ್ತು.

ನಮ್ಮ ದೇಶದ ಕಥೆ ಬೇರೆ. ಮೊಘಲ್ ಮತ್ತು ರಜಪೂತ ಕಾಲದ ಬಿಲ್ಲಿನ ನಡುವೆ ಮರ, ಒಳಮೈಗೆ ಎಮ್ಮೆಕೊಂಬಿನ ಪಟ್ಟಿ, ಹೊರಮೈಗೆ ಪ್ರಾಣಿಗಳ ಸ್ನಾಯುವಿನ ನಾರು. ಇಷ್ಟನ್ನೂ ಹಿಡಿದಿಡುವುದು ಪ್ರಾಣಿಜನ್ಯ ಅಂಟು. ಹೆದೆ ಇಳಿಸಿದ ಕೂಡಲೇ ಈ ಬಿಲ್ಲು ಎಳೆಯುವ ದಿಕ್ಕಿಗೆ ವಿರುದ್ಧವಾಗಿ ಮುಂದಕ್ಕೆ ಬಾಗಿ ಸುತ್ತಿಕೊಳ್ಳುತ್ತದೆ. ಇದನ್ನು ಗೋಡೆಗೆ ಒರಗಿಸಲೂ ಆಗದು, ನೆಲದಲ್ಲಿ ಮಲಗಿಸಲೂ ಆಗದು. ಮಳೆಗಾಲದ ತೇವಕ್ಕೆ ಅಂಟು ಮೆತ್ತಗಾಗಿ ಪದರ ಬಿಡುತ್ತದೆ. ಹಿಂದೂಸ್ತಾನದ ಆಯುಧಶಾಲೆಗಳಲ್ಲಿ ಪೂರ್ತಿ ಉಕ್ಕಿನ ಬಿಲ್ಲುಗಳು ಕಾಣಿಸಿಕೊಳ್ಳಲು ಈ ಹವೆಯೇ ಕಾರಣ ಎನ್ನುತ್ತಾರೆ ಆಯುಧಗಳ ಚರಿತ್ರೆ ಬರೆದವರು. ಉಕ್ಕಿಗೆ ಕೊಂಬಿನ ಚಿಮ್ಮುವಿಕೆ ಇರಲಿಲ್ಲ, ಆದರೆ ಅದು ಆಷಾಢಕ್ಕೆ ಹೆದರುತ್ತಿರಲಿಲ್ಲ. ಕೊರಿಯಾದವರು ಬೇರೆ ದಾರಿ ಹಿಡಿದರು. ಅವರ ಗಾಕ್‌ಗುಂಗ್ ಎಂಬ ಕೊಂಬಿನ ಬಿಲ್ಲು ಹೆದೆ ಇಳಿಸಿದಾಗ ಹೆಚ್ಚುಕಡಿಮೆ ಪೂರ್ತಿ ವೃತ್ತವಾಗುತ್ತದೆ. ಅದನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡುತ್ತಾರೆ.

ಬಿಲ್ಲನ್ನು ಇಡುವ ಕೆಲಸವನ್ನು ಕಲೆಯಾಗಿ ಬೆಳೆಸಿದವರು ಜಪಾನೀಯರು. ಅದಕ್ಕೆ ಅವರ ಬಿಲ್ಲಿನ ಆಕಾರವೂ ಕಾರಣ. ಯುಮಿ ಎಂಬ ಆ ಬಿಲ್ಲಿನ ಸಾಮಾನ್ಯ ಉದ್ದ 221 ಸೆಂಟಿಮೀಟರ್, ಎಂದರೆ ಹಿಡಿಯುವವನಿಗಿಂತ ಎಷ್ಟೋ ಎತ್ತರ. ಹಿಡಿ ಇರುವುದು ನಡುವೆ ಅಲ್ಲ, ಕೆಳಗಿನಿಂದ ಸುಮಾರು ಮೂರನೇ ಒಂದು ಭಾಗದಲ್ಲಿ. ಬಿದಿರು ಮತ್ತು ಮರದ ಪಟ್ಟಿಗಳನ್ನು ಅಂಟಿಸಿ, ಹಗ್ಗ ಸುತ್ತಿ, ಹಗ್ಗದ ಸಂದಿಗೆ ಸಾಲುಸಾಲಾಗಿ ಬೆಣೆ ಹೊಡೆದು ಅದಕ್ಕೆ ಬಾಗು ಕೊಡುತ್ತಾರೆ. ಕ್ಯೂಶೂ ದ್ವೀಪದ ಮಿಯಾಕೊನೊಜೊ ಊರು ಇಂಥ ಬಿದಿರುಬಿಲ್ಲುಗಳ ತವರು. ಅಲ್ಲಿನ ಬಿಲ್ಲಿಗೆ 1994ರಲ್ಲಿ ಸರ್ಕಾರ ಪಾರಂಪರಿಕ ಕರಕುಶಲ ವಸ್ತುವಿನ ಮಾನ್ಯತೆ ಕೊಟ್ಟಿತು. ಅಭ್ಯಾಸದ ಮನೆಗಳಲ್ಲಿ ಈ ಬಿಲ್ಲುಗಳು ನಿಲ್ಲುವುದು ಸಾದಾ ಮರದ ಚೌಕಟ್ಟಿನಲ್ಲಿ. ಕೆಳಗೆ ಹಲಗೆ, ಮೇಲೆ ಕಚ್ಚು ಕೊರೆದ ಅಡ್ಡಪಟ್ಟಿ, ಅಷ್ಟೇ.

ಇದೇ ಚೌಕಟ್ಟು ಸಿರಿವಂತ ಸಮುರಾಯ್ ಮನೆಗಳಲ್ಲಿ ಬೇರೆ ರೂಪ ತಾಳಿತು. ಕಪ್ಪು ಅರಗಿನ ಮೆರುಗು, ಅದರ ಮೇಲೆ ಚಿನ್ನದ ಪುಡಿಯಲ್ಲಿ ಮನೆತನದ ಲಾಂಛನ, ಜೋಡಿ ಬಿಲ್ಲು, ನಡುವೆ ಬಾಣಗಳ ಸಾಲು. 1543ರಲ್ಲಿ ತಾನೆಗಾಶಿಮಾ ದ್ವೀಪಕ್ಕೆ ಪೋರ್ಚುಗೀಸರು ಕೋವಿ ತಂದ ಮೇಲೆ ರಣರಂಗದಲ್ಲಿ ಬಿಲ್ಲಿನ ಪಾತ್ರ ಕುಗ್ಗುತ್ತಾ ಬಂತು. 1603ರಿಂದ 1868ರವರೆಗಿನ ಎಡೊ ಕಾಲದಲ್ಲಿ ದೇಶ ಬಹುಮಟ್ಟಿಗೆ ಶಾಂತವಾಗಿತ್ತು. ಬಿಲ್ಲಿಗೆ ಹೊರಗೆ ಕೆಲಸ ಕಡಿಮೆಯಾದಷ್ಟೂ ಒಳಗೆ ಅದರ ಪೀಠಕ್ಕೆ ಮೆರುಗು ಹೆಚ್ಚಿತು. ಇಂದಿಗೂ ಮೇ 5ರ ಗಂಡುಮಕ್ಕಳ ಹಬ್ಬಕ್ಕೆ ಜಪಾನಿನ ಮನೆಗಳಲ್ಲಿ ಪುಟ್ಟ ಶಿರಸ್ತ್ರಾಣ ಇಟ್ಟು, ನೋಡುವವರ ಬಲಕ್ಕೆ ಪೀಠದ ಮೇಲೆ ಬಿಲ್ಲು, ಎಡಕ್ಕೆ ಕತ್ತಿ ನಿಲ್ಲಿಸುತ್ತಾರೆ. ಬೊಂಬೆಗಳಿಗೆ ಹೆಸರಾದ ಸೈತಾಮಾ ಪ್ರಾಂತದ ಇವಾತ್ಸುಕಿಯಂಥ ಊರುಗಳಲ್ಲಿ ಈ ಹಬ್ಬದ ಸಾಮಾನು ಇಂದಿಗೂ ತಯಾರಾಗುತ್ತದೆ. ಬೊಂಬೆಯ ಜೊತೆಗಿಡುವ ಗೇಣುದ್ದದ ಬಿಲ್ಲಿಗೂ ಪೀಠವಿಲ್ಲದೆ ಆಗದು ಎಂಬ ಅವರ ಹಟ ನನಗೆ ತುಂಬ ಹಿಡಿಸಿದೆ.

ನಮ್ಮ ಉಳಿಗೆ ಈ ಕೆಲಸ ಹೊಸದಲ್ಲ

ಕರ್ನಾಟಕದಲ್ಲಿ ಬಿಲ್ಲಿನ ಪೀಠಕ್ಕೆಂದೇ ಬೆಳೆದ ಪರಂಪರೆ ಇಲ್ಲ. ಆದರೆ ಒಂದು ವಸ್ತುವನ್ನು ಮರ್ಯಾದೆಯಿಂದ ಹೊತ್ತು ನಿಲ್ಲುವ ಮರವನ್ನು ಕೆತ್ತುವುದು ನಮ್ಮವರಿಗೆ ಚೆನ್ನಾಗಿ ಗೊತ್ತು. ವ್ಯಾಸಪೀಠವನ್ನೇ ನೋಡಿ. ಒಂದೇ ಹಲಗೆ, ಅದನ್ನು ಎರಡೂ ಕಡೆಯಿಂದ ಕೊರೆದು, ನಡುವೆ ಒಂದರೊಳಗೊಂದು ಸಿಕ್ಕಿದ ಹಲ್ಲುಗಳನ್ನು ಬಿಡಿಸಿದರೆ ಕತ್ತರಿಯಂತೆ ತೆರೆದುಕೊಳ್ಳುತ್ತದೆ. ಮೊಳೆಯಿಲ್ಲ, ಅಂಟಿಲ್ಲ, ಕೀಲು ಕೂಡ ಮರದ್ದೇ. ಕಲಘಟಗಿಯ ತೊಟ್ಟಿಲು ಇನ್ನೊಂದು. ಅರಗಿನ ಬಣ್ಣದಲ್ಲಿ ರಾಮಾಯಣ, ಕೃಷ್ಣಲೀಲೆಗಳ ಚಿತ್ರ ಎಷ್ಟೇ ತುಂಬಿದ್ದರೂ ಮಗುವಿನ ಮೈ ತಾಗುವ ಕಡೆ ಮರ ನುಣ್ಣಗೆ, ಬರಿದಾಗಿ ಇರುತ್ತದೆ. ಎಲ್ಲಿ ಕುಸುರಿ ಬೇಕು, ಎಲ್ಲಿ ಬೇಡ ಎಂಬ ಈ ವಿವೇಕವೇ ಬಿಲ್ಲಿನ ಪೀಠಕ್ಕೂ ಬೇಕಾದದ್ದು.

ಬಿಲ್ಲಿನ ಚಿತ್ರಗಳಿಗಂತೂ ನಮ್ಮಲ್ಲಿ ಬರವಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚನ್ನಕೇಶವ ದೇವಾಲಯದ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿ ಇದ್ದಾಳೆ. ಕಿರಾತಾರ್ಜುನರ ಕಾಳಗ ಪಟ್ಟದಕಲ್ಲಿನಿಂದ ಹಿಡಿದು ಹೊಯ್ಸಳರ ಗುಡಿಗಳವರೆಗೆ ಮತ್ತೆ ಮತ್ತೆ ಬರುತ್ತದೆ. ಆ ಕಲ್ಲಿನ ಬಿಲ್ಲುಗಳಲ್ಲಿ ಹಿಡಿಯ ದಪ್ಪ, ತೋಳಿನ ಬಾಗು, ಕೊಪ್ಪಿನ ತಿರುವುಗಳನ್ನು ಹತ್ತಿರದಿಂದ ನೋಡಿದರೆ ಶಿಲ್ಪಿಗಳು ನಿಜವಾದ ಬಿಲ್ಲನ್ನು ಕೈಯಲ್ಲಿ ಹಿಡಿದು ನೋಡಿಯೇ ಕೆತ್ತಿರಬೇಕು ಎನ್ನಿಸುತ್ತದೆ. ಪೀಠ ಕೆತ್ತಬೇಕೆನ್ನುವವರು ನಮೂನೆಯ ಪುಸ್ತಕ ತೆರೆಯುವ ಮೊದಲು ಒಮ್ಮೆ ಬೇಲೂರು, ಹಳೇಬೀಡುಗಳಿಗೆ ಹೋಗಿ ಬರುವುದು ಒಳ್ಳೆಯದು.

ನಾನು ಬಿಡುವಿನಲ್ಲಿ ಉಳಿ ಹಿಡಿಯುವವನು. ತಂಗಿಯ ಮಗಳು ಬಿಲ್ಲುಗಾರಿಕೆ ಕಲಿಯುತ್ತಿದ್ದಾಳೆ. ಅವಳ ಮರದ ಬಿಲ್ಲಿಗೆಂದು ಈಗ ಶಿವನೆ ಮರದಲ್ಲಿ ಒಂದು ಪೀಠ ಕೆತ್ತುತ್ತಿದ್ದೇನೆ. ಮುಂದಿನ ಮಾತುಗಳು ಬಹುಪಾಲು ಆ ಕೆಲಸದ ಮೇಜಿನಿಂದ ಬಂದವು.

ಮೊದಲ ಪ್ರಶ್ನೆ ಬಿಲ್ಲು ನಿಲ್ಲಬೇಕೋ ಮಲಗಬೇಕೋ ಎಂಬುದು. ಒಂದೇ ಮರದ ಉದ್ದನೆಯ ಬಿಲ್ಲಾದರೆ ಮಲಗಿಸುವುದೇ ಮೇಲು. ಆಗ ಆಧಾರಗಳು ತುದಿಗಳಲ್ಲಿರಬಾರದು, ನಡು ಜಗ್ಗುತ್ತದೆ. ಎರಡೂ ತುದಿಗಳಿಂದ ಉದ್ದದ ಸುಮಾರು ಕಾಲುಭಾಗ ಒಳಗೆ ಬಂದು ಆಧಾರ ಕೊಟ್ಟರೆ ಭಾರ ಸಮನಾಗಿ ಹಂಚಿಕೊಳ್ಳುತ್ತದೆ. ಇಂದಿನ ಸ್ಪರ್ಧೆಗಳ ರಿಕರ್ವ್ ಬಿಲ್ಲಿನ ನಡುಭಾಗ ಲೋಹದ್ದು, ತೋಳುಗಳು ಕಾರ್ಬನ್ ಮತ್ತು ಫೈಬರ್‌ ಗಾಜಿನವು. ಇದನ್ನು ಹಿಡಿಯ ಬಳಿ ಆನಿಸಿ ನಿಲ್ಲಿಸಬಹುದು. ಕಾಂಪೌಂಡ್ ಬಿಲ್ಲಿನ ಹೆದೆ ದಿನಾ ಇಳಿಸುವಂಥದ್ದಲ್ಲ, ಅದರ ರಾಟೆಗಳಿಗೂ ಹುರಿಗಳಿಗೂ ಏನೂ ತಾಗದಂತೆ ನೋಡಿಕೊಳ್ಳಬೇಕು. ಹಾಗಾಗಿ ಅಂಗಡಿಯಲ್ಲಿ ಸಿಗುವ ‘ಎಲ್ಲಕ್ಕೂ ಸಲ್ಲುವ’ ಸ್ಟ್ಯಾಂಡನ್ನು ನಾನು ನಂಬುವುದಿಲ್ಲ. ಬಿಲ್ಲನ್ನು ಪಕ್ಕದಲ್ಲಿಟ್ಟುಕೊಂಡೇ ಪೀಠದ ಮೊದಲ ಗೆರೆ ಎಳೆಯಬೇಕು.

ಎರಡನೆಯದು ಮರ. ಶಿವನೆ ಹಗುರ, ಹದವಾಗಿ ಒಣಗಿದ ಮೇಲೆ ಹೆಚ್ಚು ಡೊಂಕಾಗುವುದಿಲ್ಲ, ಕಲಿಯುವವರ ಕೈಗೂ ಬಗ್ಗುತ್ತದೆ. ತೇಗ ಗಟ್ಟಿಮುಟ್ಟು, ಗೆದ್ದಲಿಗೆ ಜಗ್ಗದು. ಆದರೆ ಅದರೊಳಗಿನ ಸಿಲಿಕ ಉಳಿಯ ಬಾಯನ್ನು ಬೇಗ ಮೊಂಡು ಮಾಡುತ್ತದೆ, ಸಾಣೆಕಲ್ಲು ಪಕ್ಕದಲ್ಲೇ ಇರಬೇಕು. ಹಲಸು ಕೆತ್ತುವಾಗ ಹಳದಿ, ವರ್ಷಗಳು ಕಳೆದಂತೆ ಕಂದು. ಕರಾವಳಿಯ ಭೂತದ ಮೂರ್ತಿಗಳಿಗೆ ಈ ಮರವನ್ನೇ ಬಳಸಿದವರಿಗೆ ಅದರ ಬಾಳಿಕೆ ಗೊತ್ತಿತ್ತು. ಬೀಟೆಯ ಚೆಲುವಿಗೆ ಎಣೆಯಿಲ್ಲ, ಪೀಠದ ಬುಡಕ್ಕೆ ಬೇಕಾದ ತೂಕವೂ ಅದಕ್ಕಿದೆ. ಆದರೆ ಅದು ಸುಲಭಕ್ಕೆ ಸಿಗದು, ಸಿಗಬಾರದು ಕೂಡ. 2017ರ ಜನವರಿಯಿಂದ ಬೀಟೆಯ ಕುಲದ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಬಂದಿದೆ. ಹಳೆಯ ಮನೆ ಕೆಡವಿದಾಗ ಸಿಗುವ ತೊಲೆ, ಬಾಗಿಲ ಚೌಕಟ್ಟುಗಳು ನನ್ನ ಲೆಕ್ಕದಲ್ಲಿ ಅತ್ಯುತ್ತಮ ಮರ. ಅವು ದಶಕಗಳ ಮಳೆ ಬಿಸಿಲು ಕಂಡು ಸುಧಾರಿಸಿಕೊಂಡಿರುತ್ತವೆ. ಮೊಳೆ ಉಳಿದಿದೆಯೇ ಎಂದು ಅಂಗುಲ ಅಂಗುಲ ನೋಡಿಕೊಂಡರೆ ಸಾಕು.

ಹಸಿಮರದಲ್ಲಿ ಕೆತ್ತುವ ಆತುರ ಯಾರಿಗೂ ಬೇಡ. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ನೆರಳಿನಲ್ಲಿ ಒಣಗಬೇಕೆಂಬುದು ಬಡಗಿಗಳ ಹಳೆಯ ಲೆಕ್ಕ. ಒಣಗುವಾಗ ಮರ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ವರ್ಷದ ಉಂಗುರಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡು ಪಟ್ಟು. ತಿರುಳಿನಿಂದ ತೊಗಟೆಯ ಕಡೆಗೆ ಸೀಳಿದ ಹಲಗೆ ಹೆಚ್ಚು ನೆಟ್ಟಗೆ ಉಳಿಯುವುದು ಇದರಿಂದಲೇ. ಪೀಠ ತಿರುಚಿಕೊಂಡರೆ ಅದರ ಮೇಲಿನ ಬಿಲ್ಲಿಗೂ ಅದೇ ಗತಿ.

ಇನ್ನು ಎಳೆಯ ದಿಕ್ಕು. ಈ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಬಿಲ್ಲನ್ನು ಹೊರುವ ಗೂಟಗಳಲ್ಲಿ ಮರದ ಎಳೆ ಉದ್ದಕ್ಕೆ ಹರಿದಿರಬೇಕು. ಅಡ್ಡ ಎಳೆಯ ಗೂಟ ಎಷ್ಟೇ ಚಂದವಾಗಿ ಕೆತ್ತಿದ್ದರೂ ಒಂದು ದಿನ ಕಟ್ಟನೆ ಮುರಿಯುತ್ತದೆ. ದೊಡ್ಡ ದಿಮ್ಮಿಯೊಂದರಿಂದಲೇ ಕಂಬ ಮತ್ತು ಗೂಟಗಳನ್ನು ಒಟ್ಟಿಗೆ ತೆಗೆಯುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಅದು ನೋಟಕ್ಕೆ ಸೊಗಸು, ಬಲಕ್ಕೆ ಕೇಡು. ಗೂಟವನ್ನು ಬೇರೆಯಾಗಿ ಕೆತ್ತಿ, ಅದರ ಬಾಲವನ್ನು ಕಂಬದ ತೂತಿಗೆ ಬಿಗಿಯಾಗಿ ಕೂರಿಸಿ, ಹೊರತುದಿ ತುಸು ಮೇಲಕ್ಕೆ ಎದ್ದಿರುವಂತೆ ಓರೆ ಕೊಟ್ಟರೆ ಬಿಲ್ಲು ಜಾರುವ ಮಾತೇ ಇಲ್ಲ. ಬುಡಕ್ಕೆ ಮೂರು ಪಾದ ಇಟ್ಟರೆ ಗಾರೆ ನೆಲ ಏರುಪೇರಾಗಿದ್ದರೂ ಪೀಠ ಅಲ್ಲಾಡದು.

ಮಕರದ ಬಾಯಿ

ಈಗ ಕೆತ್ತನೆ. ನಾನು ಆರಿಸಿಕೊಂಡದ್ದು ಮಕರ. ನಮ್ಮ ದೇವಾಲಯಗಳ ಅನೇಕ ತೋರಣಗಳು ಮಕರದ ಬಾಯಿಂದಲೇ ಹೊರಟು ಬಾಗಿ ಬರುತ್ತವೆ. ಬಾಗಿದ ಬಿಲ್ಲೂ ಅದೇ ಬಾಯಿಂದ ಹೊರಟಂತೆ ಕಂಡರೆ ಪೀಠಕ್ಕೂ ಬಿಲ್ಲಿಗೂ ಒಂದೇ ಗೆರೆ ಸಿಗುತ್ತದೆ. ನಕ್ಷೆ ತೋರಿಸಿದಾಗ ತಂಗಿಯ ಮಗಳು ಕೇಳಿದ್ದು ಒಂದೇ: “ಮಾವ, ಅದರ ಹಲ್ಲು ನನ್ನ ಬಿಲ್ಲಿಗೆ ತಾಗಲ್ಲ ತಾನೆ?” ಆ ಪ್ರಶ್ನೆ ಇಡೀ ನಕ್ಷೆಯನ್ನು ತಿದ್ದಿಸಿತು. ಹಲ್ಲುಗಳೆಲ್ಲ ಹೊರಮುಖಕ್ಕೆ ಸರಿದವು. ಬಾಯ ಒಳಭಾಗ, ಬಿಲ್ಲು ಕೂರುವ ಜಾಗ, ಪೂರ್ತಿ ನಯವಾಯಿತು.

ನಕ್ಷೆಯನ್ನು ಕಾಗದದ ಮೇಲೆ ಬರೆದು ಮರಕ್ಕೆ ಅಂಟಿಸಿಕೊಂಡು, ಹೊರರೇಖೆಯನ್ನು ಗರಗಸದಿಂದ ಕೊಯ್ದು ತೆಗೆದ ಮೇಲೆ ಉಳಿಯ ಸರದಿ. ಮೊದಲು ಗೆರೆಯ ಮೇಲೆ ಉಳಿಯನ್ನು ನೆಟ್ಟಗೆ ನಿಲ್ಲಿಸಿ ಕೊಡತಿಯಿಂದ ಬಡಿದು ಕಚ್ಚು ಮಾಡಿಕೊಳ್ಳಬೇಕು. ಆ ಕಚ್ಚು ಇದ್ದರೆ ಹಿನ್ನೆಲೆ ತಗ್ಗಿಸುವಾಗ ಸೀಳು ಗೆರೆ ದಾಟಿ ಮಕರದ ಮೂತಿಗೆ ಹೋಗುವುದಿಲ್ಲ. ಎಳೆ ಏರುವ ಕಡೆಗೆ ಉಳಿ ಓಡಿಸಿದರೆ ಸಿಪ್ಪೆ ಸಲೀಸಾಗಿ ಸುರುಳಿಯಾಗಿ ಏಳುತ್ತದೆ. ವಿರುದ್ಧ ಓಡಿಸಿದರೆ ಮರ ಕಿತ್ತು ಬರುತ್ತದೆ. ಮಕರದ ಸೊಂಡಿಲು ಸುತ್ತಿ ಬರುವಲ್ಲಿ ಎಳೆಯ ದಿಕ್ಕು ಪ್ರತಿ ಅರ್ಧ ಅಂಗುಲಕ್ಕೂ ಬದಲಾಗುತ್ತದೆ. ಅಲ್ಲಿ ಕೊಡತಿ ಕೆಳಗಿಟ್ಟು, ಬಾಯಿ ದುಂಡಗಿರುವ ಸಣ್ಣ ಉಳಿಯನ್ನು ಅಂಗೈಯಿಂದ ತಳ್ಳುತ್ತಾ ಹೋಗಬೇಕು. ಉಳಿಯ ಕೆಲಸ ಮುಗಿಯುವವರೆಗೆ ಉಪ್ಪುಕಾಗದ ಮುಟ್ಟಬಾರದು. ಅದರ ಹರಳು ಮರದ ರಂಧ್ರದಲ್ಲಿ ಉಳಿದು ಮುಂದಿನ ಉಳಿಯ ಬಾಯನ್ನು ತಿನ್ನುತ್ತದೆ. ಹೊರಮೈಯಲ್ಲಿ ನಾನು ಉಪ್ಪುಕಾಗದ ಹಾಕುವುದೇ ಇಲ್ಲ. ಹರಿತವಾದ ಉಳಿ ಬಿಟ್ಟುಹೋದ ಸಣ್ಣ ಸಣ್ಣ ಮುಖಗಳ ಮೇಲೆ ಬೆಳಕು ಆಡುವ ಚಂದ ಉಜ್ಜಿದ ಮರಕ್ಕೆ ಬರುವುದಿಲ್ಲ.

ಇಷ್ಟೆಲ್ಲ ಆದಮೇಲೆ ಪೀಠದ ಅತಿ ಕಷ್ಟದ ಕೆಲಸ ಶುರು. ಅದರಲ್ಲಿ ಕುಸುರಿಯೇ ಇಲ್ಲ. ಬಿಲ್ಲು ಕೂರುವ ಗುಳಿಯನ್ನು ಆ ಬಿಲ್ಲಿಗೆ ಸರಿಹೊಂದಿಸಬೇಕು. ಬಿಲ್ಲಿಗೆ ತೆಳು ಕಾಗದ ಸುತ್ತಿ, ಅದಕ್ಕೆ ಇದ್ದಿಲ ಪುಡಿ ಸವರಿ, ಗುಳಿಯಲ್ಲಿಟ್ಟು ಎತ್ತಿದರೆ ತಾಗಿದ ಕಡೆಯೆಲ್ಲ ಮರ ಕಪ್ಪಾಗುತ್ತದೆ. ಕಪ್ಪಾದಷ್ಟನ್ನು ಕೆರೆದು ಮತ್ತೆ ಇಟ್ಟು ನೋಡಬೇಕು. ಮೊದಮೊದಲು ಎರಡು ಮೂರು ಚುಕ್ಕೆ, ಕೊನೆಗೆ ಇಡೀ ಗುಳಿಗೆ ಒಂದೇ ಸಮನಾದ ಮಸಿ. ಎರಡು ಆಧಾರಗಳೂ ಒಂದೇ ಮಟ್ಟದಲ್ಲಿ, ಒಂದೇ ಓರೆಯಲ್ಲಿ ಇರಬೇಕಾದ್ದರಿಂದ ಒಂದನ್ನು ಕೆರೆದರೆ ಇನ್ನೊಂದನ್ನೂ ಸರಿಮಾಡಬೇಕಾಗುತ್ತದೆ. ನೋಡುವವರು ಮಕರವನ್ನು ಹೊಗಳುತ್ತಾರೆ. ಬಿಲ್ಲು ಇಟ್ಟವರ ಕೈಗೆ ಗುಳಿಯ ಬೆಲೆ ತಿಳಿಯುತ್ತದೆ.

ಗುಳಿಯ ಒಳಗೆ ಹಾಸಲು ಮೆತ್ತನೆಯದು ಬೇಕು. ರಬ್ಬರು ಕೆಲವು ಮೆರುಗುಗಳನ್ನು ಕೆಡಿಸುತ್ತದೆ, ಬಣ್ಣದ ಮಖಮಲ್ಲು ತೇವಕ್ಕೆ ಬಣ್ಣ ಬಿಡಬಹುದು. ನಾನು ಹಳೆಯ ಕಂಬಳಿಯ ತುಂಡು ಬಳಸುತ್ತೇನೆ. ದಖ್ಖನಿ ಕುರಿಯ ಒರಟು ಉಣ್ಣೆ ಬಿಲ್ಲನ್ನು ಜಾರಗೊಡುವುದಿಲ್ಲ, ತೇವವನ್ನು ಒಂದೇ ಕಡೆ ಹಿಡಿದಿಡುವುದೂ ಇಲ್ಲ. ಆಸ್ಕಮ್ ಹೇಳಿದ್ದೂ ಉಣ್ಣೆಯನ್ನೇ ತಾನೆ. ನುಸಿ ಬಾರದಂತೆ ಆಗಾಗ ತೆಗೆದು ಬಿಸಿಲಿಗೆ ಹಾಕಲು ಬರುವಂತೆ ಅದನ್ನು ಅಂಟಿಸದೆ, ಅಂಚುಗಳನ್ನು ಕಚ್ಚಿನಲ್ಲಿ ಸಿಕ್ಕಿಸಿದರೆ ಒಳ್ಳೆಯದು. ಮರದ ಮೈಗೆ ಅಗಸೆ ಎಣ್ಣೆ, ಕೊನೆಗೆ ಜೇನುಮೇಣ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆಯಬೇಡಿ. ಅಗಸೆ ಎಣ್ಣೆ ಗಾಳಿಯೊಡನೆ ಕೂಡಿ ಒಣಗುವಾಗ ತಾನೇ ಕಾವೇರಿ ಹೊತ್ತಿಕೊಳ್ಳಬಲ್ಲದು. ಬಟ್ಟೆಯನ್ನು ಅಗಲವಾಗಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಬಹುಮಾನದ ಮೇಜಿನ ಮೇಲೆ

ಸಾಗರ, ಸೊರಬ, ಸಿರ್ಸಿ, ಕುಮಟಾ ಕಡೆಯ ಗುಡಿಗಾರರ ಕೈಯನ್ನು ನೋಡಿದವರಿಗೆ ಮರದಲ್ಲಿ ಏನು ಸಾಧ್ಯವೆಂದು ಮತ್ತೆ ಹೇಳಬೇಕಿಲ್ಲ. ಶ್ರೀಗಂಧದ ಕೆತ್ತನೆಗೆ ಅವರದು ದೊಡ್ಡ ಹೆಸರು. ಆದರೆ ಗಂಧದ ಮರ ಕಾಡಿನಲ್ಲಿ ಕರಗಿದೆ. 2001ರ ತಿದ್ದುಪಡಿಯ ನಂತರ ಜಮೀನಿನ ಗಂಧ ರೈತನದೇ ಆದರೂ ಅದು ಬೆಳೆದು ಉಳಿಯ ಬಾಯಿಗೆ ಬರಲು ದಶಕಗಳು ಬೇಕು. ಗಂಧ ದುರ್ಲಭವಾದಂತೆ ಕೆತ್ತನೆ ಗಾಜಿನ ಕಪಾಟಿನ ಗಣಪತಿ, ಆನೆ, ಗೋಡೆಯ ಫಲಕಗಳಿಗೆ ಸೀಮಿತವಾಗುತ್ತಾ ಬಂದಿದೆ. ಅವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ದಿನಾ ಕೈ ತಾಗುವ ವಸ್ತುವಿಗೆ ಕೆತ್ತುವಾಗ ಕಲೆಗಾರನ ಮುಂದೆ ಬರುವ ಪ್ರಶ್ನೆಗಳೇ ಬೇರೆ. ಭಾರ ಎಷ್ಟು, ಎಳೆ ಎತ್ತ, ಎಲ್ಲಿ ಬಿಡಬೇಕು ಎಂದು ಅವನು ಕೇಳಿಕೊಳ್ಳಲೇಬೇಕು. ಆ ಪ್ರಶ್ನೆಗಳು ನಿಂತರೆ ಕೈ ಬೇಗ ಅಭ್ಯಾಸಬಲಕ್ಕೆ ಬೀಳುತ್ತದೆ. ಶಿವನೆ, ತೇಗ, ಹಲಸಿನಲ್ಲಿ ಕೆತ್ತಿದ ಉಪಯೋಗದ ವಸ್ತುಗಳಿಗೆ ಬೇಡಿಕೆ ಹುಟ್ಟಿಸುವುದು ಆ ಕೈಗಳಿಗೆ ನಾವು ತೋರಬಹುದಾದ ನಿಜವಾದ ಗೌರವ.

ಬಿಲ್ಲುಗಾರಿಕೆಯಂತೂ ದೇಶದಲ್ಲಿ ಏರುಗತಿಯಲ್ಲಿದೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಬಿಲ್ಲುಗಾರರು 5 ಚಿನ್ನ ಸೇರಿ 9 ಪದಕ ಗೆದ್ದರು. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಹರ್ವಿಂದರ್ ಸಿಂಗ್ ಚಿನ್ನಕ್ಕೆ ಗುರಿಯಿಟ್ಟರೆ, ಕಾಲಿನಿಂದ ಬಿಲ್ಲು ಹಿಡಿಯುವ ಶೀತಲ್ ದೇವಿ ರಾಕೇಶ್ ಕುಮಾರ್ ಜೊತೆ ಕಂಚು ತಂದರು. ನಮ್ಮ ರಾಜ್ಯದ ಕ್ರೀಡಾ ಪ್ರಶಸ್ತಿಗೆ ಇರುವುದೂ ಏಕಲವ್ಯನ ಹೆಸರು. ಹೀಗಿರುವಾಗ ಶಾಲೆ, ಕಾಲೇಜು, ಜಿಲ್ಲಾ ಮಟ್ಟದ ಬಿಲ್ಲು ಸ್ಪರ್ಧೆಗಳಲ್ಲಿ ಗೆದ್ದ ಮಕ್ಕಳಿಗೆ ವರ್ಷದೊಳಗೆ ಬಣ್ಣ ಕಳೆದುಕೊಳ್ಳುವ ಪ್ಲಾಸ್ಟಿಕ್ ಕಪ್ಪುಗಳನ್ನೇ ಏಕೆ ಕೊಡಬೇಕು? ಅವರ ಬಿಲ್ಲನ್ನೇ ಹೊತ್ತು ನಿಲ್ಲುವ, ಕೈಯಿಂದ ಕೆತ್ತಿದ ಒಂದು ಪೀಠ ಕೊಡಬಹುದಲ್ಲ.

ಹಾಗೆ ಮಾಡಿಸುವವರು ಸ್ಪರ್ಧೆಗೆ ತಿಂಗಳುಗಳ ಮುಂಚೆ ಕೆಲಸ ಒಪ್ಪಿಸಬೇಕು, ಕೆತ್ತನೆಗೆ ಅವಸರ ಆಗದು. ಬಿಲ್ಲು 66, 68, 70 ಅಂಗುಲಗಳಲ್ಲಿ ಯಾವುದೆಂದು ಕಲೆಗಾರರಿಗೆ ಮೊದಲೇ ತಿಳಿಸಿ, ಒಂದು ಬಿಲ್ಲನ್ನು ಅವರ ಕೈಗೇ ಕೊಟ್ಟು ಬರಬೇಕು. ಗೆದ್ದವರ ಹೆಸರಿಗೆ ಮುಂಭಾಗದಲ್ಲಿ ಬರಿಯ ಪಟ್ಟಿಯೊಂದನ್ನು ಬಿಟ್ಟಿರಲಿ. ಪೀಠದ ಅಡಿಯಲ್ಲಿ ಕೆತ್ತಿದವರ ಹೆಸರು, ಊರು, ಮರದ ಜಾತಿ, ಇಸವಿ ಇಷ್ಟನ್ನೂ ಕೊರೆಯಲು ಹೇಳಬೇಕು, ಅದಕ್ಕೂ ಕೂಲಿ ಸೇರಿಸಿಯೇ ಕೊಡಬೇಕು.